ಚಕ್ರದ ಮಾತು: ಕೀಲಿ ಯಾರ ಕಿಸೆಯಲ್ಲಿ?

ಆಯುಧಪೂಜೆಯ ದಿನ ನಮ್ಮ ಓಣಿಗೆ ಒಂದು ಹೊಸ ಕಾರು ಬಂತು. ಹಾಲಿನಂಥ ಬಿಳಿ ಬಣ್ಣ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಕಿತ್ತಿಲ್ಲ. ಟೈರಿನ ಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲು ಹಾಗೇ ನಿಂತಿವೆ. (ಹೊಸ ಟೈರಿಗೆ ಈ ಕೂದಲು ಯಾಕಿರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಅಚ್ಚಿನೊಳಗಿನ ಗಾಳಿ ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ, ಬಿಸಿ ರಬ್ಬರು ಅದರೊಳಗೂ ನುಗ್ಗುತ್ತದೆ. ನಾವು ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ!)

ಮನೆಯಾಕೆ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಹಿಡಿದು ಬಂದರು. ಬಾನೆಟ್ಟಿನ ಮೇಲೆ ಅರಿಶಿನದ ಸ್ವಸ್ತಿಕ ಬರೆದರು, ಚೆಂಡುಹೂವಿನ ಹಾರ ಹಾಕಿದರು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟರು. ಕಾರಿನ ಕೀಲಿ ತಟ್ಟೆಯಲ್ಲೇ ಇತ್ತು. ಅದಕ್ಕೂ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, ಯಜಮಾನರ ಕೈಗೆ ಕೊಟ್ಟರು. ಯಜಮಾನರು ಮಗನ ಕೈಗೆ ಕೊಟ್ಟರು. ಹತ್ತೊಂಬತ್ತರ ಹುಡುಗ. ಪಚಕ್ ಅಂತ ನಾಲ್ಕೂ ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇಹೋದ. ಆಕೆ ಹಿಂದೆ ಉಳಿದು ಬೀದಿಯಲ್ಲಿ ಬಿದ್ದ ನಿಂಬೆಸಿಪ್ಪೆ ಗುಡಿಸಿದರು.

"ನೀವು ಯಾವಾಗ ಕಲೀತೀರ್ರಿ?" ಅಂದೆ.

"ಅಯ್ಯ, ನನಗ್ಯಾಕ್ರೀ ಅವೆಲ್ಲ? ಬಸ್ ಪುಕ್ಕಟೆ ಅದ ಅಲ್ಲೇನು!" ಎಂದು ನಕ್ಕರು.

ನಾನೂ ನಕ್ಕೆ. ಆದರೆ ಮನೆಗೆ ಬಂದು ಒಗ್ಗರಣೆ ಹಾಕುವಾಗಲೂ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಸಾಸಿವೆ ಸೀದೇಹೋಯಿತು.

ಈ ಪುಟ ಓದುವವರಿಗೆ ನನ್ನ ಹುಚ್ಚು ಗೊತ್ತೇ ಇದೆ. ಮದುವೆಗೆ ಹೋದರೆ ಉಳಿದ ಹೆಂಗಸರು ಸೀರೆಯಂಚು ನೋಡುತ್ತಾರೆ, ನಾನು ಮಂಟಪದ ಹೊರಗೆ ನಿಂತ ಗಾಡಿಗಳನ್ನು ನೋಡುತ್ತೇನೆ. ಬೀದರಿನಲ್ಲಿ ಈ ಹುಚ್ಚಿಗೆ ಬರಗಾಲವಿಲ್ಲ. ಮೂರು ರಾಜ್ಯ ಕೂಡುವ ಊರು ನಮ್ಮದು. ನಂಬರ್ ಪ್ಲೇಟು ನೋಡಿಯೇ ಯಾವ ಬೀಗರು ಬಂದಿದ್ದಾರೆ ಎಂದು ಹೇಳಬಹುದು. ಕೆಎ 38 ಅಂದರೆ ಬೀದರಿನವರು, ಕೆಎ 39 ಅಂದರೆ ಭಾಲ್ಕಿಯವರು, ಕೆಎ 56 ಬಸವಕಲ್ಯಾಣ, ಎಂಎಚ್ 24 ಲಾತೂರು, ಎಂಎಚ್ 26 ನಾಂದೇಡು. ಜಹೀರಾಬಾದಿನ ಕಡೆಯವರದು ಮಾತ್ರ ಫಜೀತಿ. 2014ರ ತನಕ ಎಪಿ ಇತ್ತು, ಆಮೇಲೆ ಟಿಎಸ್ ಆಯಿತು, 2024ರಿಂದ ಟಿಜಿ. ಒಂದೇ ಮನೆಯ ಮೂರು ಗಾಡಿಗೆ ಮೂರು ಅಕ್ಷರ! ಮದುವೆಯಾದ ಹೆಣ್ಣುಮಕ್ಕಳ ಹೆಸರು ಬದಲಿಸಿದ ಹಾಗೆ ಗಾಡಿಗಳ ಹೆಸರನ್ನೂ ಬದಲಿಸುತ್ತಾರೆ.

ಪುಕ್ಕಟೆ ಬಸ್ಸಿನ ಮಾತಿಗೆ ಬರುತ್ತೇನೆ. ನಮ್ಮ ಮನೆಗೆ ಮೂವರು ಸೊಸೆಯರು. ಹಿರಿಯಾಕೆ ಉದಗೀರಿನವಳು, ನಡುವಿನವಳು ನಾನು ಭಾಲ್ಕಿಯವಳು, ಕಿರಿಯಾಕೆ ಜಹೀರಾಬಾದಿನವಳು. ಮೂವರ ತವರೂ ಬೀದರಿನಿಂದ ಹತ್ತಿರವೇ. 2023ನೆಯ ಇಸವಿ ಮೂರೂ ತವರಿಗೆ ಬಸ್ಸಿನ ಭಾಗ್ಯ ತಂದಿತು. ಮಹಾರಾಷ್ಟ್ರದಲ್ಲಿ ಮಾರ್ಚ್ 17ರಿಂದ ಹೆಂಗಸರಿಗೆ ಎಸ್.ಟಿ. ಬಸ್ಸಿನ ಅರ್ಧ ಟಿಕೆಟ್ಟು. ನಮ್ಮಲ್ಲಿ ಜೂನ್ 11ರಿಂದ 'ಶಕ್ತಿ', ಪೂರಾ ಪುಕ್ಕಟೆ. ತೆಲಂಗಾಣದಲ್ಲಿ ಡಿಸೆಂಬರ್ 9ರಿಂದ 'ಮಹಾಲಕ್ಷ್ಮಿ', ಅದೂ ಪುಕ್ಕಟೆ. ಕೇಳಿದರೆ ನಾವು ಮೂವರು ಸೊಸೆಯರು ಮಹಾರಾಣಿಯರು ಅನ್ನಿಸಬೇಕು, ಅಲ್ಲವೇ?

ಲೆಕ್ಕ ಹಾಕಿ ನೋಡಿ. ನಾನು ಭಾಲ್ಕಿಗೆ ಹೊರಟರೆ ಆಧಾರ್ ತೋರಿಸುತ್ತೇನೆ, ಶೂನ್ಯ ಟಿಕೆಟ್ಟು ಬರುತ್ತದೆ, ಕಿಟಕಿ ಪಕ್ಕ ಕೂರುತ್ತೇನೆ. ಹಿರಿಯಾಕೆ ಉದಗೀರಿಗೆ ಹೊರಟರೆ ನಮ್ಮ ಬಸ್ಸು ಗಡಿ ದಾಟುವ ಬಸ್ಸು, ಅದಕ್ಕೆ ಶಕ್ತಿ ಇಲ್ಲ. ಎಸ್.ಟಿ. ಬಸ್ಸು ಹತ್ತಿದರೆ ಅವರ ಗಡಿಯಿಂದಾಚೆಗೆ ಮಾತ್ರ ಅರ್ಧ. ಕಿರಿಯಾಕೆಯ ಪೇಚಾಟ ಎಲ್ಲಕ್ಕಿಂತ ದೊಡ್ಡದು. ತೆಲಂಗಾಣದ ಪುಕ್ಕಟೆ ಟಿಕೆಟ್ಟು ತೆಲಂಗಾಣದ ಹೆಣ್ಣುಮಕ್ಕಳಿಗೆ ಮಾತ್ರ. ಮದುವೆಯಾಗಿ ಬಂದ ಮೇಲೆ ಆಕೆಯ ಆಧಾರ್ ವಿಳಾಸ ಔರಾದದ್ದಾಗಿದೆ. "ಅಕ್ಕಾ, ತವರಿನ ಸೀರಿ ಬಿಟ್ಟೆ, ತವರಿನ ಭಾಷೆ ಬಿಟ್ಟೆ, ಆಧಾರ್ ಒಂದು ಬಿಡಬಾರದಿತ್ತು ನೋಡ್ರಿ" ಅಂತಾಳೆ!

ನಗು ಬರುತ್ತದೆ, ಆದರೆ ಇದರಲ್ಲಿ ನಗಲಾರದ್ದೂ ಇದೆ. 1956ರ ತನಕ ಉದಗೀರು ಬೀದರ್ ಜಿಲ್ಲೆಯದೇ ತಾಲ್ಲೂಕು. ಜಹೀರಾಬಾದೂ ನಮ್ಮ ಜಿಲ್ಲೆಯದೇ. ಎಲ್ಲ ಹೈದರಾಬಾದ್ ಸಂಸ್ಥಾನ. ಆ ಸಂಸ್ಥಾನ 1932ರಲ್ಲೇ ಸರಕಾರಿ ಬಸ್ಸು ಶುರು ಮಾಡಿತ್ತು, ಇಪ್ಪತ್ತೇಳು ಬಸ್ಸುಗಳಿಂದ. ಇವತ್ತಿಗೂ ಹೈದರಾಬಾದಿನ ಸರಕಾರಿ ಬಸ್ಸಿನ ನಂಬರಿನಲ್ಲಿ ಒಂದು 'ಝಡ್' ಅಕ್ಷರ ಇರುತ್ತದೆ. ಅದು ನಿಜಾಮರ ತಾಯಿ ಜಹ್ರಾ ಬೇಗಮ್ಮರ ನೆನಪಿಗೆ ಎಂದು ಹಿರಿಯರು ಹೇಳುತ್ತಾರೆ. ಖರೆಯೋ ಸುಳ್ಳೋ, ನನಗಂತೂ ಆ ಮಾತು ಇಷ್ಟ. ರಾಜನ ತಾಯಿಯ ಹೆಸರು ಬಸ್ಸಿನ ಹಣೆಯ ಮೇಲೆ!

ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯಲು ಬರುವ ಗಂಡಸರಿಗೆ ಈ ಪುಕ್ಕಟೆ ಟಿಕೆಟ್ಟಿನ ಸುದ್ದಿ ಬಂದರೆ ಸಾಕು, ರಾಜ್ಯದ ಬೊಕ್ಕಸದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. "ಹಿಂಗ ಹಂಚಿದ್ರ ಸರಕಾರ ಮುಳುಗ್ತದ್ರಿ" ಅಂತಾರೆ. ಒಬ್ಬೊಬ್ಬರೂ ಒಂದೊಂದು ಕಾರಿನಲ್ಲಿ ಬಂದಿರುತ್ತಾರೆ. ಐದು ಸೀಟಿನ ಗಾಡಿ, ಒಳಗೆ ಒಬ್ಬನೇ ಆಸಾಮಿ! ಹಾಗೆ ನಾಲ್ಕು ಗಾಡಿ ನಿಂತ ಜಾಗದಲ್ಲಿ ಐವತ್ತು ಜನರ ಬಸ್ಸು ನಿಲ್ಲುತ್ತದೆ. ರಸ್ತೆ ಯಾರ ದುಡ್ಡು? ಸೋಪಿನ ಮೇಲೆ ತೆರಿಗೆ ಕೊಡುವವಳದೂ ಹೌದಲ್ಲ? ಕಾರಿನ ಹುಚ್ಚಿನ ನಾನೇ ಹೇಳುತ್ತೇನೆ, ರಸ್ತೆಯನ್ನು ಹೆಚ್ಚು ತಿನ್ನುವವರು ನಾವು, ಬಸ್ಸಿನಲ್ಲಿ ಕೂತವರಲ್ಲ.

ಹಾಗಂತ ಸರಕಾರಕ್ಕೆ ಆರತಿ ಎತ್ತಲಾರೆ. ಒಂದು ಕೈಯಲ್ಲಿ ಟಿಕೆಟ್ಟು ಕೊಟ್ಟವರೇ 2024ರ ಜೂನಿನಲ್ಲಿ ಪೆಟ್ರೋಲಿಗೆ ಲೀಟರಿಗೆ ಮೂರು ರೂಪಾಯಿ ಏರಿಸಿದರು. ನನ್ನ ತಿಂಗಳ ಲೆಕ್ಕದ ಪುಸ್ತಕದಲ್ಲಿ ಎರಡೂ ಎದುರುಬದುರು ಕೂತಿವೆ. ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಎಂಬ ನಿಯಮ ಇದೆ. ಆದರೂ ದುಡ್ಡು ಕೊಟ್ಟು ನಿಂತೇ ಹೋಗುವ ಕೂಲಿಯ ಗಂಡಸನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ. ಆತನ ಸಿಟ್ಟು ಬೇರೆ, ಪಡಸಾಲೆಯವರ ಸಿಟ್ಟು ಬೇರೆ.

ಎಲ್ಲಕ್ಕಿಂತ ಮುಖ್ಯ, ಟಿಕೆಟ್ಟು ಶೂನ್ಯವಾದರೆ ಬಸ್ಸೂ ಶೂನ್ಯವಾಗಬಾರದು ನೋಡಿ. ಹಗಲು ಹನ್ನೊಂದಕ್ಕೆ ಬಸ್ಸು ಸಿಕ್ಕೀತು. ರಾತ್ರಿ ಹನ್ನೊಂದಕ್ಕೆ? ಭಾಲ್ಕಿಗಾದರೂ ರೈಲಿದೆ. ಔರಾದ ಪಟ್ಟಣಕ್ಕೆ ಅದೂ ಇಲ್ಲ. ಬೀದರಿಗೆ ನಲವತ್ತು ಕಿಲೋಮೀಟರು, ನಡುವೆ ಮಾಂಜ್ರಾ ನದಿ. ಆ ನಲವತ್ತು ಕಿಲೋಮೀಟರಿನ ಉದ್ದ ಎಷ್ಟು ಎಂದು ನನಗೆ 1998ರ ಒಂದು ರಾತ್ರಿ ಗೊತ್ತಾಯಿತು.

ಈ ಸುದ್ದಿಯನ್ನು ನಾನು ಇಲ್ಲಿ ಬರೆದಿರಲಿಲ್ಲ. ಭಾದ್ರಪದದ ಮಳೆ. ನಾವೆಲ್ಲ ಔರಾದದ ದೊಡ್ಡ ಮನೆಯಲ್ಲಿದ್ದೆವು. ಗಂಡಸರೆಲ್ಲ ಒಂದು ಸಾವಿಗೆಂದು ಉದಗೀರಿಗೆ ಹೋಗಿ ಅಲ್ಲೇ ಉಳಿದಿದ್ದರು. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತಿಗೆ ನಮ್ಮ ಅತ್ತೆಯವರ ಕೈಯಿಂದ ತಂಬಿಗೆ ಜಾರಿತು. ಬಾಗಿ ಎತ್ತಲು ಹೋದವರು ಏಳಲಿಲ್ಲ. ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು, ಎಡಗೈ ಚೀಲದಂತೆ ಜೋತುಬಿದ್ದಿತ್ತು.

ಅಂಗಳದಲ್ಲಿ ಅಂಬಾಸಿಡರ್ ನಿಂತಿತ್ತು. ಗಂಡಸರು ಜೀಪಿನಲ್ಲಿ ಹೋಗಿದ್ದರಿಂದ ಅದು ಮನೆಯಲ್ಲೇ ಉಳಿದಿತ್ತು. ಟ್ಯಾಂಕಿನಲ್ಲಿ ಎಣ್ಣೆ ಇತ್ತು. ಕೀಲಿ ದೇವರ ಕೋಣೆಯ ಹೊರಗಿನ ಗೂಟಕ್ಕೆ, ಹಿತ್ತಾಳೆ ಬಸವಣ್ಣನ ಗೊಂಚಲಿನಲ್ಲಿ ನೇತಾಡುತ್ತಿತ್ತು. ಮನೆಯಲ್ಲಿ ಆರು ಜನ ಹೆಂಗಸರು. ಒಬ್ಬಾಕೆ ಶಾಲೆಯ ಟೀಚರು. ನಾನು ಬಿ.ಎಸ್ಸಿ. ಓದಿದವಳು. ನಾಲ್ಕು ಸ್ಟ್ರೋಕಿನ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತಗೊಂಡವಳು! ಆ ಗಾಡಿಯ ಸದ್ದು ಕೇಳಿ ಕಾರ್ಬೊರೇಟರಿನ ರೋಗ ಹೇಳುತ್ತಿದ್ದವಳು. ಕೀಲಿ ತೆಗೆದುಕೊಂಡು ಕೈಯಲ್ಲಿ ಹಿಡಿದು ನಿಂತೆ. ಅಷ್ಟೇ. ಕಾರಿನ ಬಗ್ಗೆ ನನಗೆ ಎಲ್ಲ ಗೊತ್ತಿತ್ತು, ಓಡಿಸುವುದೊಂದು ಬಿಟ್ಟು.

ಮೊಬೈಲು ನಮ್ಮ ಕಡೆ ಇನ್ನೂ ಬಂದಿರದ ಕಾಲ. 108 ಆಂಬುಲೆನ್ಸು ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಕಿರಿಯಾಕೆ ಮಳೆಯಲ್ಲೇ ಓಡಿ ಹೋಗಿ ಮೂರು ಮನೆಯ ಬಾಗಿಲು ಬಡಿದಳು. ಕಡೆಗೆ ಹಿಂದಿನ ಓಣಿಯ ಟ್ರ್ಯಾಕ್ಟರಿನ ಹುಡುಗ ಎದ್ದು ಬಂದ. ಟ್ರಾಲಿಯಲ್ಲಿ ಗಾದಿ ಹಾಸಿ, ಮೇಲೆ ತಾಡಪತ್ರಿ ಹಿಡಿದು, ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಸಂತಪುರ ದಾಟುವಾಗ ಒಂದು ಸಲ ಗಾಲಿ ರಸ್ತೆ ಬಿಟ್ಟು ಕರಿಮಣ್ಣಿನಲ್ಲಿ ಹೂತಿತು. ನಮ್ಮ ಕರಿಮಣ್ಣು ಗೊತ್ತಲ್ಲ, ಹಿಡಿದರೆ ಬೀಗರ ಮುನಿಸಿನಂತೆ, ಬಿಡುವುದಿಲ್ಲ. ಮಾಂಜ್ರಾ ಸೇತುವೆಯ ಮೇಲೆ ಬಂದಾಗ ನೀರಿನ ಸದ್ದು ಕೇಳಿ ಅತ್ತೆ ಏನೋ ಅಂದರು. ತಿಳಿಯಲಿಲ್ಲ. ಬೀದರು ಮುಟ್ಟಿದಾಗ ಬೆಳಗಿನ ಆಜಾನ್ ಕೂಗುತ್ತಿತ್ತು.

ಜೀವ ಉಳಿಯಿತು. ಎಡಗೈ ಉಳಿಯಲಿಲ್ಲ. ಬೇಗ ಮುಟ್ಟಿಸಿದ್ದರೆ ಉಳಿಯುತ್ತಿತ್ತೇ ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ನಾನೇ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಈಗಿನ ಮಾತು ಬೇರೆ. ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ನಾಲ್ಕೂವರೆ ತಾಸಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಹೊತ್ತು ಮೀರಿದರೆ ಅದನ್ನು ಕೊಡುವುದಿಲ್ಲ. ಮುಖ ವಾಲಿತು, ಕೈ ಬಿತ್ತು, ಮಾತು ತೊದಲಿತು ಅಂದರೆ ಗಡಿಯಾರ ನೋಡಿಕೊಳ್ಳಿ, ಮೊದಲು 108ಕ್ಕೆ ಫೋನ್ ಮಾಡಿ, ಎಣ್ಣೆ ತಿಕ್ಕುತ್ತಾ ಕೂರಬೇಡಿ.

ಅತ್ತೆ ಮನೆಗೆ ಬಂದ ಮರುವಾರ ನಾನು ನಮ್ಮವರಿಗೆ ಹೇಳಿದೆ, "ನಾನು ಡ್ರೈವಿಂಗ್ ಕಲೀತೀನಿ." ಅವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ, "ಹೂಂ" ಅಂದರು. ಆ "ಹೂಂ" ಎಂಥದು ಎಂದು ಮದುವೆಯಾದವರಿಗೆ ವಿವರಿಸಬೇಕಿಲ್ಲ. ನನಗಾಗ ಮೂವತ್ತೊಂದು ವರ್ಷ, ಎರಡು ಮಕ್ಕಳು.

ಕಲಿಸಿದವರು ಲಾರಿ ಬಿಟ್ಟು ನಿವೃತ್ತರಾದ ಒಬ್ಬ ಚಾಚಾ. ಬೆಳಿಗ್ಗೆ ಆರಕ್ಕೆ, ಖುಲ್ಲಾ ಮೈದಾನದಲ್ಲಿ. ಮೊದಲ ದಿನ ಗಾಡಿ ಕಪ್ಪೆಯಂತೆ ಕುಪ್ಪಳಿಸಿ ಕುಪ್ಪಳಿಸಿ ನಿಂತಿತು. ಚಾಚಾ ಸಿಟ್ಟಾಗಲಿಲ್ಲ. "ಬೇಟಿ, ಕ್ಲಚ್ ಅಂದ್ರ ಸಾಸೂಮಾ ಇದ್ದಂಗ. ಗಪ್ಪನೆ ಬಿಟ್ಟರೆ ಮುನೀತಾಳ. ಆಹಿಸ್ತಾ, ಆಹಿಸ್ತಾ" ಅಂದರು. ನನ್ನ ತಲೆಗೆ ಹೋದದ್ದು ಮಾತ್ರ ಬೇರೆ ಲೆಕ್ಕ. ನಾವು ಜೋಳದ ರೊಟ್ಟಿ ಬಡಿಯುವಾಗ ಏನು ಮಾಡುತ್ತೇವೆ? ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ತಿರುಗಿಸುತ್ತದೆ. ಯಾವ ಕೈ ಯಾವಾಗ ಎಂದು ಯೋಚಿಸಿದರೆ ರೊಟ್ಟಿ ಹರಿಯಿತು! ಕ್ಲಚ್ಚೂ ಆಕ್ಸಿಲರೇಟರೂ ಹಾಗೇ. ಎಡಗಾಲು ಏಳುತ್ತಾ ಬಂದ ಹಾಗೆ ಬಲಗಾಲು ಇಳಿಯಬೇಕು. ಎಡಗಾಲಿನಡಿ ಗಾಡಿ ಸಣ್ಣಗೆ ನಡುಗುವ ಒಂದು ಜಾಗ ಬರುತ್ತದೆ. ಎಂಜಿನ್ನು ಚಕ್ರದ ಕೈ ಹಿಡಿಯುವ ಜಾಗ ಅದು. ಅಲ್ಲಿ ಅರೆಕ್ಷಣ ತಡೆದರೆ ಸಾಕು. ಹದಿನೈದನೆಯ ದಿನಕ್ಕೆ ಚೌಬಾರಾದ ಸುತ್ತ ಒಂದು ಸುತ್ತು ಹೊಡೆಸಿದರು. ಹಳೆಯ ಊರಿನ ಆ ಇಕ್ಕಟ್ಟಿನಲ್ಲಿ ಕೈಗಾಡಿ, ಆಟೋ, ಎಮ್ಮೆ, ಸೈಕಲ್ಲು ಎಲ್ಲವನ್ನೂ ತಪ್ಪಿಸಿ ಬಂದವಳಿಗೆ ಬೇರೆ ಪರೀಕ್ಷೆ ಯಾಕೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಂಬಾಸಿಡರಿನ ಗೇರು ಸ್ಟೀರಿಂಗಿನ ಕೊರಳಿಗೆ ಇರುತ್ತಿತ್ತು. ಗಾರೆ ಕಲಸುವ ಸನಿಕೆಯಷ್ಟು ಬಿಗಿ. ಮುಂದೆ ಉದ್ದನೆಯ ಒಂದೇ ಸೀಟು, ಅದನ್ನು ನನ್ನ ಕಾಲಿಗೆ ಸರಿಯಾಗಿ ಮುಂದೆ ಎಳೆದರೆ ಪಕ್ಕದವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯುವುದು. ಗಂಡಸರ ಅಳತೆಗೆ ಹೊಲಿದ ಗಾಡಿ. ಮರುವರ್ಷ ಎರಡನೆಯ ಕೈಯ ಮಾರುತಿ 800 ಕೊಂಡೆವು. 796 ಸಿ.ಸಿ., ಮೂರೇ ಸಿಲಿಂಡರು, ಎಂಜಿನ್ನು ಸೀಮೆಎಣ್ಣೆ ಸ್ಟೋವಿನಷ್ಟು ಕಾಣುತ್ತಿತ್ತು. ಆದರೆ ಹಗುರ ಸ್ಟೀರಿಂಗು, ಹಗುರ ಕ್ಲಚ್ಚು, ನನ್ನಂಥ ಐದಡಿಯವಳಿಗೂ ಮುಂದಿನ ರಸ್ತೆ ಕಾಣುತ್ತಿತ್ತು. ಈ ದೇಶದಲ್ಲಿ ಹೆಂಗಸರಿಗೆ ಕಾರು ಕಲಿಸಿದ್ದು ಯಾವ ಸಂಘವೂ ಅಲ್ಲ, ಆ ಪುಟ್ಟ ಗಾಡಿ ಎಂಬುದು ನನ್ನ ಅಭಿಪ್ರಾಯ. 2014ರಲ್ಲಿ ಅದರ ತಯಾರಿಕೆ ನಿಂತಿತು. ಅಂಬಾಸಿಡರೂ ಅದೇ ವರ್ಷ ನಿಂತಿತು. ಅತ್ತೆ ಸೊಸೆ ಒಂದೇ ವರ್ಷ ಹೋದ ಹಾಗೆ.

ಅಂದ ಹಾಗೆ, ಮೊಟ್ಟಮೊದಲ ಮಾರುತಿ 800ರ ಕೀಲಿ ಕೊಟ್ಟದ್ದು ಇಂದಿರಾ ಗಾಂಧಿಯವರು. 1983ರ ಡಿಸೆಂಬರ್ 14. ತೆಗೆದುಕೊಂಡವರು ದಿಲ್ಲಿಯ ಹರಪಾಲ್ ಸಿಂಗ್. ಅವರು 2010ರಲ್ಲಿ ತೀರಿಕೊಳ್ಳುವ ತನಕ ಆ ಕಾರನ್ನು ಮಾರಲಿಲ್ಲ, ಅದು ಬೇರೆ ಮಾತು. ಆದರೆ ನೋಡಿ, ದೇಶದ ಪ್ರಧಾನಿಯೇ ಆದರೂ ಹೆಣ್ಣು ಕೀಲಿ ಕೊಟ್ಟಳು, ಗಂಡು ಇಸಕೊಂಡ. ನಮ್ಮ ಓಣಿಯ ಆಯುಧಪೂಜೆ ನೋಡುವಾಗ ನನಗೆ ಇದೇ ನೆನಪಾದದ್ದು.

ನನ್ನ ಮೊದಲ ಪ್ರಯಾಣಿಕರು ಅತ್ತೆಯವರೇ. ಲೈಸೆನ್ಸು ಬಂದ ದಿನ ಬಲಗೈಯಲ್ಲಿ ಬಾಗಿಲು ಹಿಡಿದು, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಮಾತು ಅಷ್ಟಕ್ಕಷ್ಟೇ ಮರಳಿತ್ತು. ಸೇತುವೆ ಬಂದಾಗ, "ನಿಂದ್ರಸು" ಅಂದರು. ನಿಲ್ಲಿಸಿದೆ. ಕೆಳಗೆ ಮಾಂಜ್ರಾ ಹರಿಯುತ್ತಿತ್ತು. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ನನ್ನ ಕೈಗೆ ಕೊಟ್ಟರು, ಹೊಳೆಗೆ ಹಾಕು ಅಂತ. "ಆವತ್ತ ಇದನ್ನ ಹೇಳಿದ್ದೆ" ಅಂದರು.

ಇರಲಿ. ಈಗ ಸೋದರಿಯರು ಕೇಳಿದ ಪ್ರಶ್ನೆಗಳಿಗೆ ಬರೋಣ.

ಭಾಲ್ಕಿಯ ಒಬ್ಬ ಓದುಗಿ ಕೇಳಿದ್ದಾರೆ: "ಗಾಡಿ ನನ್ನ ಹೆಸರಿನಲ್ಲಿದೆ, ಓಡಿಸುವವರು ನಮ್ಮವರು. ಏನಾದರೂ ತೊಂದರೆ ಉಂಟೇ?" ಭಾಲ್ಕಿಯವರಿಗೆ ಹೊರಗಿನ ಬೋರ್ಡು ಒಂದು, ಒಳಗಿನ ವಹಿವಾಟು ಇನ್ನೊಂದು ಎಂಬುದು ಹೊಸದಲ್ಲ. ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಊರು ಅದು. ಅವರದು ಪುಣ್ಯದ ಗುಟ್ಟು. ಇದು ಹಾಗಲ್ಲ ತಾಯೀ. ಗಾಡಿಯ ವಿಮೆಯಲ್ಲಿ ಮಾಲೀಕ-ಚಾಲಕರ ಅಪಘಾತ ವಿಮೆ ಎಂದು 15 ಲಕ್ಷ ರೂಪಾಯಿಯದು ಒಂದಿರುತ್ತದೆ. ಕಾಗದ ತೆಗೆದು ಸಣ್ಣ ಅಕ್ಷರ ಓದಿ. ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕರಿಗೆ ಅದು, ಮತ್ತು ಆ ಮಾಲೀಕರಿಗೆ ಲೈಸೆನ್ಸು ಇರಬೇಕು. ನಿಮ್ಮ ಹೆಸರಿನಲ್ಲಿ ಗಾಡಿ ಇದೆ, ಲೈಸೆನ್ಸಿಲ್ಲ. ನಿಮ್ಮವರಿಗೆ ಲೈಸೆನ್ಸಿದೆ, ಗಾಡಿ ಅವರ ಹೆಸರಿನಲ್ಲಿಲ್ಲ. ವಿಮೆ ನಡುವೆಯೇ ನಿಂತಿತು! ಒಂದೋ ಲೈಸೆನ್ಸು ಮಾಡಿಸಿ, ಇಲ್ಲವೇ ವಿಮೆಯವರನ್ನು ಕೇಳಿ ನಿಮ್ಮಿಬ್ಬರಿಗೂ ಬೇರೆ ಅಪಘಾತ ವಿಮೆ ಮಾಡಿಸಿಕೊಳ್ಳಿ.

ಇನ್ನೊಬ್ಬರು ಮುಂದಿನ ಸೀಟಿನಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದೇ ಎಂದು ಕೇಳಿದ್ದಾರೆ. ಖಂಡಿತ ಬೇಡ. ಏರ್‌ಬ್ಯಾಗು ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ. ಬೆಲ್ಟು ಹಾಕಿದ ದೊಡ್ಡವರನ್ನು ಅದು ಕಾಯುತ್ತದೆ, ಎದೆಗೆ ಅವಚಿಕೊಂಡ ಕೂಸಿಗೆ ಅದೇ ಗುದ್ದು. ಮಕ್ಕಳು ಹಿಂದೆ, ಮಕ್ಕಳ ಸೀಟಿನಲ್ಲಿ. ಹಿಂದೆ ಕೂತ ನೀವೂ ಬೆಲ್ಟು ಹಾಕಬೇಕು. ಸೀರೆಯ ನೆರಿಗೆ ಕೆಡುತ್ತದೆ ಅನ್ನಬೇಡಿ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಬರಬೇಕು. ಬಸುರಿಯರಿಗಂತೂ ಹೊಟ್ಟೆಯ ಕೆಳಗೇ ಬರಬೇಕು.

ಏರ್‌ಬ್ಯಾಗಿನ ಮಾತು ಬಂತು, ಒಂದು ಸಂಗತಿ ಹೇಳಲೇಬೇಕು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಚಾಲಕನ ಮುಂದಿನ ಏರ್‌ಬ್ಯಾಗು ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಪಕ್ಕದ ಸೀಟಿನದು? ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ, ಹಳೆಯ ಮಾದರಿಗಳಿಗೆ ಆ ವರ್ಷದ ಕೊನೆಯಿಂದ. ನಮ್ಮ ಮನೆಗಳಲ್ಲಿ ಆ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ನಾನು ಬರೆಯಬೇಕೇ? ಸುಮಾರು ಎರಡು ವರ್ಷ ಕಾನೂನು ಸ್ಟೀರಿಂಗು ಹಿಡಿದವರ ಎದೆ ಕಾಯಿತು, ಪಕ್ಕದಲ್ಲಿ ಕಿತ್ತಳೆ ಸುಲಿದು ಕೊಡುವವಳನ್ನು ಆಮೇಲೆ ನೋಡೋಣ ಅಂದಿತು. ಆ ನಡುವಿನ ಹಳೆಯ ಕಾರು ಕೊಳ್ಳುವವರು ಪಕ್ಕದ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗಿನ ಗುರುತು ಇದೆಯೇ ಎಂದು ಬೆರಳಿಟ್ಟು ನೋಡಿ.

ಕಾನೂನಿನವರು ನಮ್ಮನ್ನು ಪೂರ್ತಿ ಮರೆತಿಲ್ಲ ಅನ್ನಿ. ದ್ವಿಚಕ್ರದ ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಒಂದು ಕವಚ ಇರಬೇಕು, ಹಿಡಿದುಕೊಳ್ಳಲು ಹಿಡಿಕೆ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, 123ನೆಯ ನಿಯಮ. ಕಾಲೇಜಿನ ಹುಡುಗರು ಅಂದಕ್ಕೆಂದು ಅದನ್ನು ಬಿಚ್ಚಿಸಿ ಹಾಕುತ್ತಾರೆ. ಅದೇ ಗಾಡಿಯ ಮೇಲೆ ಸಂತೆಗೆ ಹೋಗುವವಳು ಅವನ ತಾಯಿ. ಮಗನ ಗಾಡಿಯ ಹಿಂದೆ ಕೂರುವ ಮೊದಲು ಎಡಗಡೆ ಬಗ್ಗಿ ನೋಡಿ. ಕವಚ ಇಲ್ಲದಿದ್ದರೆ ನಡೆದೇ ಹೋಗಿ, ಆವತ್ತು ಅವನಿಗೆ ಊಟಕ್ಕೆ ಬರೀ ಅಂಬಲಿ.

ದೊಡ್ಡವರ ಗಾಡಿಗಳ ಸುದ್ದಿ ಈ ಸಲ ಎರಡೇ ಸಾಲು. 2017ರ ಮೇ 1ರಿಂದ ಮಂತ್ರಿಗಳ ಕಾರಿನ ನೆತ್ತಿಯ ಕೆಂಪು ದೀಪ ತೆಗೆಸಿದರು. ದೀಪ ಹೋಯಿತು, ಆದರೆ ಮುಂದೊಂದು ಹಿಂದೆ ಎಂಟು ಬಿಳಿ ಗಾಡಿ ಧೂಳೆಬ್ಬಿಸಿ ಹೋಗುವ ಠೀವಿ ಹೋಗಲಿಲ್ಲ. ಚುನಾವಣೆ ಬಂದಾಗ ತಾಂಡಾ ತಾಂಡಾಕ್ಕೆ ಕ್ರೂಸರು ಕಳಿಸಿ ಹೆಂಗಸರನ್ನು ಸಭೆಗೆ ಕರೆದೊಯ್ಯುತ್ತಾರೆ. ಸಭೆ ಮುಗಿದ ಮೇಲೆ ಅದೇ ಕ್ರೂಸರು ಹುಡುಕಿದರೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ರಸ್ತೆ ಬದಿ ನಿಂತವರನ್ನು ನಾನು ಎಷ್ಟೋ ಸಲ ಹತ್ತಿಸಿಕೊಂಡು ಬಂದಿದ್ದೇನೆ. ಹತ್ತಿದವರು ಮೊದಲು ನೋಡುವುದು ನನ್ನ ಕಾಲನ್ನು. "ಅಯ್ಯ ಬಾಯೀ, ಸೀರಿ ಉಟ್ಟೇ ಹೊಡೀತೀಯಲ್ಲ!"

ಸೀರೆ ಉಟ್ಟೇ ಹೊಡೆಯಬಹುದು. ನೆರಿಗೆಯನ್ನು ಎರಡು ಬೆರಳು ಮೇಲೆ ಉಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಬೇಕು. ಗಿಡ್ಡ ಇದ್ದವರು ಬೆನ್ನಿಗಲ್ಲ, ಕೂರುವಲ್ಲಿ ಗಟ್ಟಿ ದಿಂಬು ಹಾಕಿ. ಹದಿನೆಂಟು ತುಂಬಿದವರು ಕಲಿಕೆಯ ಲೈಸೆನ್ಸಿಗೆ ಹಾಕಬಹುದು. ಅದು ಆರು ತಿಂಗಳು ಬಾಳುತ್ತದೆ, ಮೂವತ್ತು ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆ. ನಲವತ್ತು ದಾಟಿದವರಿಗೆ ವೈದ್ಯರ ಸರ್ಟಿಫಿಕೇಟು ಬೇಕು, ಅಷ್ಟೇ ಹೆಚ್ಚಿನದು. ಗಂಡನಿಂದ ಮಾತ್ರ ಕಲಿಯಬೇಡಿ. ಮೂರನೆಯ ದಿನಕ್ಕೆ ಗೇರು ಬರುವುದಿಲ್ಲ, ಮಾತು ನಿಲ್ಲುತ್ತದೆ. ಊರಲ್ಲಿ ಯಾವುದಾದರೂ ಚಾಚಾ ಇದ್ದೇ ಇರುತ್ತಾರೆ.

ಎಳ್ಳಮಾವಾಸ್ಯೆ ಹತ್ತಿರ ಬರುತ್ತಿದೆ. ಈ ಸಲವೂ ಔರಾದದ ಹೊಲಕ್ಕೆ ಚರಗ ಚೆಲ್ಲಲು ನನ್ನ ಗಾಡಿಯೇ. ಭಜ್ಜಿಯ ಪಾತ್ರೆ ಡಿಕ್ಕಿಯಲ್ಲಿಟ್ಟರೆ ತುಳುಕುತ್ತದೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿ ಹಿಂದಿನ ಸೀಟಿನ ಕೆಳಗೆ, ಕಾಲಿಡುವ ತಗ್ಗಿನಲ್ಲಿ ಇಡಿ, ಅಲ್ಲಾಡುವುದಿಲ್ಲ. ಸಜ್ಜೆ ರೊಟ್ಟಿ ಡಿಕ್ಕಿಯಲ್ಲಿ ಇಟ್ಟರೂ ನಡೆದೀತು. ಅತ್ತೆ ಇದ್ದಾಗ ಅಂಬಲಿಯ ಗಡಿಗೆಯನ್ನು ಬಲಗೈಯಲ್ಲಿ ಹಿಡಿದು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದರು, ಒಂದು ಹನಿ ಚೆಲ್ಲುತ್ತಿರಲಿಲ್ಲ. ಈಗ ಆ ಸೀಟು ಖಾಲಿ. ನಿಂಬೆಸಿಪ್ಪೆ ಗುಡಿಸಿದ ನಮ್ಮ ಓಣಿಯ ಆಕೆ ನಿನ್ನೆ ಸಂಜೆ ಬಂದಿದ್ದರು, ಹೊಲ ನೋಡಲು ತಾವೂ ಬರುತ್ತೇವೆ ಅಂದರು. ಅವರ ಕಾರು ಮಗನ ಜೊತೆ ಹೈದರಾಬಾದಿಗೆ ಹೋಗಿದೆಯಂತೆ. ಚಹಾ ಕುಡಿದು ಎದ್ದವರು ಬಾಗಿಲಲ್ಲಿ ನಿಂತು, "ಆ ಚಾಚಾ ಈಗೂ ಕಲಸ್ತಾರೇನ್ರಿ?" ಅಂದರು. ಚಾಚಾ ತೀರಿಕೊಂಡು ಆರು ವರ್ಷವಾಯಿತು. ಮೈದಾನ ಇದೆ, ನನ್ನ ಹಳೆಯ ಗಾಡಿ ಇದೆ, ಬೆಳಿಗ್ಗೆ ಆರಕ್ಕೆ ನನಗೂ ಎಚ್ಚರವಾಗುತ್ತದೆ ಅಂದೆ. ಮೊದಲು ಕಲಿಕೆಯ ಲೈಸೆನ್ಸು ಮಾಡಿಸಿಕೊಂಡು ಬನ್ನಿ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ಬನ್ನಿ ಎಂದೂ ಹೇಳಿದೆ.